ಇರುವೆಗೆ ನಿಜವಾಗಿ ಹತ್ತಿರದ ದಾರಿ ಗೊತ್ತಾಗುತ್ತಾ? ನನ್ನ ಟೆಂಪೋ ಮಾತ್ರ ಸುತ್ತು ಹೊಡೀತಾ ಇದೆ

ಚೂಡಾ_ಸಪ್ಲೈ (ಹುಬ್ಬಳ್ಳಿ):

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮದು ಶೇವು, ಚೂಡಾ ಮಾಡಿ ಅಂಗಡಿಗಳಿಗೆ ಹಾಕುವ ಮನೆ ವ್ಯಾಪಾರ. ಗೋಡೌನ್ ಹಳೇ ಹುಬ್ಬಳ್ಳಿಯಲ್ಲಿ, ಟೆಂಪೋ ಒಂದೇ, ಅಂಗಡಿ 38. ದುರ್ಗದಬೈಲ್, ಕೇಶ್ವಾಪುರ, ಗೋಕುಲ ರೋಡ್, ವಿದ್ಯಾನಗರ, ಉಣಕಲ್, ಹಾಗೇ ನವನಗರದ ತನಕ. ಬಿಸಿಎ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಒಂದು ದಿನ ಡೀಸೆಲ್ ಲೆಕ್ಕದ ವಹಿ ಮುಂದೆ ಇಟ್ಟು "ಮೂರು ವರ್ಷ ಕಂಪ್ಯೂಟರ್ ಕಲಿತೆಯಲ್ಲ, ಇದನ್ನೇನಾದರೂ ಇಳಿಸ್ತೀಯಾ ನೋಡು" ಅಂದರು.

ಲೆಕ್ಕ ಹಾಕೋಕೆ ಹೋದರೆ ತಲೆ ತಿರುಗುತ್ತದೆ. ಬರೀ 10 ಅಂಗಡಿ ಮುಟ್ಟಿ ಗೋಡೌನ್‌ಗೆ ವಾಪಸ್ ಬರೋಕೆ 18,14,400 ಬೇರೆ ಬೇರೆ ಸುತ್ತುಗಳಿವೆ, ಅದೂ ಒಂದೇ ಸುತ್ತನ್ನು ಉಲ್ಟಾ ಹೊಡೆದರೆ ಬೇರೆ ಅಂತ ಲೆಕ್ಕಕ್ಕೆ ಹಿಡಿಯದೆ. 38 ಅಂಗಡಿ ಅಂದರೆ 45 ಅಂಕಿಯ ಸಂಖ್ಯೆ ಬರುತ್ತದೆ. ಒಂದೊಂದಾಗಿ ನೋಡುವ ಮಾತೇ ಇಲ್ಲ.

ಕಾಲೇಜಿನಲ್ಲಿ ಇರುವೆ ಅಲ್ಗಾರಿದಮ್ ಅಂತ ಓದಿದ್ದು ನೆನಪಾಯಿತು. ಕಂಪ್ಯೂಟರಿನೊಳಗೆ ಸುಳ್ಳು ಇರುವೆಗಳನ್ನು ಬಿಡೋದು, ಅವು ಅಂಗಡಿಯಿಂದ ಅಂಗಡಿಗೆ ಓಡಾಡಿ ದಾರಿಯಲ್ಲಿ ವಾಸನೆ ಬಿಡೋದು, ಚಿಕ್ಕ ಸುತ್ತು ಹೊಡೆದವು ಜಾಸ್ತಿ ವಾಸನೆ ಬಿಡೋದು, ಮುಂದಿನ ಇರುವೆಗಳು ವಾಸನೆ ಜಾಸ್ತಿ ಇರುವ ಕಡೆಗೇ ಹೋಗೋದು. ಬರೆದೆ. ಮೊದಲ ವಾರ ಮಸ್ತ್ ಕೆಲಸ ಮಾಡಿತು. ಆಮೇಲೆ ಚೆನ್ನಮ್ಮ ಸರ್ಕಲ್ ಕಡೆ ಫ್ಲೈಓವರ್ ಕೆಲಸಕ್ಕೆ ದಾರಿ ತಿರುಗಿಸಿದರು. ನಾನು ಹೊಸ ದೂರಗಳನ್ನೆಲ್ಲ ತುಂಬಿ ಮತ್ತೆ ಓಡಿಸಿದೆ. ಅದು ಹಳೇ ಸುತ್ತನ್ನೇ ಹಿಡಿದು ಕೂತಿದೆ! ಒಂದೆರಡು ಅಂಗಡಿ ಅತ್ತಿತ್ತ, ಅಷ್ಟೇ. ಡ್ರೈವರ್ ಅಣ್ಣ ಈಗ ನನ್ನ ಪ್ರಿಂಟ್‌ಔಟ್ ಮೇಲೆ ಮಿರ್ಚಿ ಇಟ್ಕೊಂಡು ತಿನ್ನುತ್ತಾನೆ.

ನಿನ್ನೆ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಗೆ ಇರುವೆ ಸಾಲು ಹತ್ತಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದಳು. ಹತ್ತು ನಿಮಿಷ ಗಲಿಬಿಲಿ, ಆಮೇಲೆ ಬೇರೆ ಕಡೆಯಿಂದ ಇನ್ನೊಂದು ಸಾಲು ತಯಾರು. ಇವಕ್ಕೆ ಬರುವುದು ನನ್ನ ಪ್ರೋಗ್ರಾಂಗೆ ಯಾಕೆ ಬರಲ್ಲ? ನಿಜವಾದ ಇರುವೆ ಹತ್ತಿರದ ದಾರಿ ಹುಡುಕುತ್ತದೆ ಅನ್ನೋದು ನಿಜಾನಾ, ಇಲ್ಲಾ ಪುಸ್ತಕದವರು ಸುಮ್ನೆ ಬಣ್ಣ ಹಚ್ಚಿದ್ದಾ? ಒಟ್ಟಿನಲ್ಲಿ ಕಂಪ್ಯೂಟರ್‌ನವರು ಜೀವಿಗಳಿಂದ ಕಲಿತದ್ದು ನಿಜವಾಗಿ ಎಷ್ಟು?

ಉಣಕಲ್_ಕೋಡರ್:

ಮೊದಲು ಒಂದು ಮಾತು ಹೇಳಿ. ವಾಸನೆ ಆರುವ ಪ್ರಮಾಣ ಎಷ್ಟು ಇಟ್ಟಿದ್ದೀರಿ? ಮತ್ತೆ ಹೊಸದಾಗಿ ಓಡಿಸುವಾಗ ಹಳೇ ವಾಸನೆ ಟೇಬಲ್ ಅಳಿಸಿದ್ರಾ?

ಚೂಡಾ_ಸಪ್ಲೈ:

ಆರುವ ಪ್ರಮಾಣ 0.01. ಒಂದು ಸಲಕ್ಕೆ 50 ಸುತ್ತು ಓಡಿಸುತ್ತೇನೆ. ಟೇಬಲ್ ಅಳಿಸಿಲ್ಲ, ಫೈಲಿನಲ್ಲಿ ಉಳಿಸಿಕೊಂಡಿದ್ದೇನೆ. ಕಲಿತದ್ದನ್ನು ಯಾಕೆ ಕಳೀಬೇಕು ಅಂತ.

ಉಣಕಲ್_ಕೋಡರ್:

ಸಿಕ್ಕಿಬಿದ್ರಿ. ಒಂದೊಂದು ಸುತ್ತಿಗೆ ನೂರರಲ್ಲಿ ಒಂದು ಪಾಲು ಆರುತ್ತದೆ, ಅಂದರೆ 50 ಸುತ್ತು ಆದ ಮೇಲೂ ಹಳೇ ವಾಸನೆ ನೂರಕ್ಕೆ 60ರಷ್ಟು ಹಾಗೇ ಕೂತಿರುತ್ತದೆ. ಅದರ ಮೇಲೆ ಹಳೇ ದಾರಿಯಲ್ಲೇ ಹೋದ ಇರುವೆಗಳು ಮತ್ತೆ ವಾಸನೆ ಬಿಡುತ್ತವೆ. ದಾರಿ ಬಂದ್ ಆಗಿ ವಾರ ಆಗಿದ್ದರೂ ನಿಮ್ಮ ಇರುವೆಗಳ ಮೂಗಿಗೆ ಚೆನ್ನಮ್ಮ ಸರ್ಕಲ್ ಇನ್ನೂ ತೆರೆದೇ ಇದೆ. 0.1 ಇಟ್ಟು ನೋಡಿ, 50 ಸುತ್ತಿಗೆ ಹಳೇದು ಸುಮಾರು ಇನ್ನೂರರಲ್ಲಿ ಒಂದು ಪಾಲು ಉಳಿದರೆ ಜಾಸ್ತಿ.

ಈಗ ನಿಜವಾದ ಇರುವೆ ಕಥೆ. ಬಣ್ಣ ಹಚ್ಚಿದ್ದು ಸ್ವಲ್ಪ ಹೌದು, ಆದರೆ ನೀವು ಅಂದುಕೊಂಡ ಕಡೆ ಅಲ್ಲ. 1989ರಲ್ಲಿ ಬ್ರಸೆಲ್ಸ್‌ನಲ್ಲಿ ಗಾಸ್, ಡೆನ್ಯೂಬೋರ್ಗ್ ಮತ್ತಿತರರು ಅರ್ಜೆಂಟೈನ್ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಒಂದು ಸೇತುವೆ ಇಟ್ಟರು. ಅದು ಕವಲೊಡೆದು ಒಂದು ಕೈ ಉದ್ದ, ಒಂದು ಕೈ ಗಿಡ್ಡ. ಮೊದಲು ಇರುವೆಗಳು ಎರಡೂ ಕಡೆ ಸಮ ಹೋದವು. ಗಿಡ್ಡ ಕೈ ಹಿಡಿದವು ಬೇಗ ವಾಪಸ್ ಬಂದವು, ಹಾಗಾಗಿ ಅಲ್ಲಿ ವಾಸನೆ ಬೇಗ ಕೂಡಿತು, ಸ್ವಲ್ಪ ಹೊತ್ತಿಗೆ ಹೆಚ್ಚಿನವು ಅತ್ತಲೇ. ಯಾವ ಇರುವೆಯೂ ಎರಡು ದಾರಿ ಅಳೆದು ನೋಡಿಲ್ಲ, ಬೇಗ ಬಂದದ್ದೇ ಅಳತೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ಹೇಳದೆ ಬಿಡೋದು ಮುಂದಿನ ಭಾಗ. ಮೊದಲು ಉದ್ದದ ಕೈ ಒಂದನ್ನೇ ಇಟ್ಟು, ಅರ್ಧ ಗಂಟೆ ಆದ ಮೇಲೆ ಗಿಡ್ಡ ಕೈ ಜೋಡಿಸಿದರೆ? ಇರುವೆಗಳು ಉದ್ದದ ದಾರಿಯಲ್ಲೇ ಉಳಿದವು. ಪಕ್ಕದಲ್ಲೇ ಹತ್ತಿರದ ದಾರಿ ಇದ್ದರೂ! ಯಾಕಂದರೆ ಆ ವಾಸನೆ ಬಹಳ ನಿಧಾನ ಆರುತ್ತದೆ. ಅಂದರೆ ನಿಮ್ಮ ಪ್ರೋಗ್ರಾಂ ಕೆಟ್ಟಿಲ್ಲ ಮಾರಾಯ್ರೇ, ಅದು ಅರ್ಜೆಂಟೈನ್ ಇರುವೆ ಮಾಡಿದ್ದನ್ನೇ ಮಾಡುತ್ತಿದೆ.

ಮಾರ್ಕೊ ಡೊರಿಗೊ 1992ರಲ್ಲಿ ಮಿಲಾನ್‌ನಲ್ಲಿ ಪಿಎಚ್‌ಡಿಗೆ ಇದನ್ನು ಅಲ್ಗಾರಿದಮ್ ಮಾಡಿದಾಗ ವಾಸನೆಯನ್ನು ಬೇಕಂತಲೇ ಬೇಗ ಆರುವ ಹಾಗೆ ಮಾಡಿದರು. ಅಷ್ಟೇ ಅಲ್ಲ, ಅವರ ಇರುವೆ ಸುತ್ತು ಮುಗಿಸಿ, ಎಷ್ಟು ದೂರ ಆಯಿತು ಅಂತ ಲೆಕ್ಕ ಹಾಕಿ, ಆಮೇಲೆ ವಾಸನೆ ಬಿಡುತ್ತದೆ. ಅದಕ್ಕೆ ಕಣ್ಣೂ ಇದೆ, ಮುಂದಿನ ಅಂಗಡಿ ಎಷ್ಟು ದೂರ ಅಂತ ನೋಡಿಕೊಂಡೇ ಆರಿಸುತ್ತದೆ. ಇದನ್ನೆಲ್ಲ ಬಿಚ್ಚಿಟ್ಟರೆ ಇರುವೆ ಅನ್ನೋದು ಹೆಸರಿಗೆ ಉಳಿಯಿತು. ಆಮೇಲೆ ಸ್ಟುಟ್ಸ್ಲೆ ಮತ್ತು ಹೂಸ್ ಅನ್ನೋರು ವಾಸನೆಗೆ ಮೇಲೊಂದು ಮಿತಿ, ಕೆಳಗೊಂದು ಮಿತಿ ಹಾಕಿದರು, ಯಾವ ದಾರಿಯೂ ಪೂರ್ತಿ ಸಾಯಬಾರದು, ಯಾವುದೂ ಗೌಡಕಿ ಮಾಡಬಾರದು ಅಂತ. ನಿಮಗೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು, ಬೇಜಾರಾಗಬೇಡಿ. 38 ಅಂಗಡಿಗೆ ಇರುವೆ ಬೇಡ. ನಕ್ಷೆ ಮೇಲೆ ನಿಮ್ಮ ಸುತ್ತನ್ನು ಗೆರೆ ಎಳೆದು ನೋಡಿ. ಎರಡು ಗೆರೆ ಒಂದನ್ನೊಂದು ದಾಟುತ್ತಿದ್ದರೆ ಆ ಗಂಟು ಬಿಚ್ಚಿ ಜೋಡಿಸಿ, ಸಾಮಾನ್ಯವಾಗಿ ಸುತ್ತು ಚಿಕ್ಕದಾಗುತ್ತದೆ. ಅದನ್ನೇ ಇನ್ನು ಬಿಚ್ಚೋಕೆ ಆಗಲ್ಲ ಅನ್ನುವ ತನಕ ಮಾಡಿ. 1950ರ ದಶಕದ ಉಪಾಯ, ಇಪ್ಪತ್ತು ಸಾಲಿನ ಕೋಡ್.

ಸಂಶಯ_ಸ್ವಾಮಿ (ಹಾವೇರಿ):

ಕೊನೆಯ ಪ್ಯಾರಾಕ್ಕೆ ನನ್ನ ಎರಡು ಓಟು. ಈ ಪ್ರಾಣಿ ಹೆಸರಿನ ಅಲ್ಗಾರಿದಮ್‌ಗಳು ಸಂತೆಯ ಹಾಗೆ ಆಗಿವೆ. ತೋಳ, ಬಾವಲಿ, ಕೋಗಿಲೆ, ಮಿಂಚುಹುಳ, ತಿಮಿಂಗಿಲ. ಒಂದೊಂದಕ್ಕೂ ಒಂದು ಪೇಪರ್. ಒಳಗೆ ನೋಡಿದರೆ ಹಳೇ ಸೂತ್ರವೇ, ಮೇಲೆ ಹೊಸ ಮುಖವಾಡ. 2015ರಲ್ಲಿ ಕೆನೆತ್ ಸೋರೆನ್ಸನ್ ಅನ್ನುವವರು ಇದನ್ನು ಎತ್ತಿಕೊಂಡು ಚೆನ್ನಾಗಿ ಝಾಡಿಸಿದರು, ಉಪಮೆ ಇದ್ದ ಮಾತ್ರಕ್ಕೆ ಹೊಸ ವಿಧಾನ ಆಗಲ್ಲ ಅಂತ. ಬಾವಲಿಯನ್ನು ರಾತ್ರಿ ಹುಣಸೆಮರದ ಕೆಳಗೆ ಕೂತು ನೋಡದವನು ಬಾವಲಿ ಅಲ್ಗಾರಿದಮ್ ಬರೆದರೆ ಅದರಲ್ಲಿ ಬಾವಲಿ ಎಲ್ಲಿಂದ ಬರಬೇಕು?

ಹಾಗಾಗಿ ಕಲಿತದ್ದು ಎಷ್ಟು ಅಂದರೆ ನನ್ನ ಉತ್ತರ, ಹೆಸರು ಬಹಳ, ಪಾಠ ಕಡಿಮೆ.

ಕಸೂತಿ_ಮೆಣಸಿನಕಾಯಿ (ಧಾರವಾಡ):

ಸ್ವಾಮಿಗಳು ಎಂದಿನಂತೆ ಬಕೆಟ್ ನೀರು ಸುರಿದರು. ನಾನು ಸಸ್ಯ ತಳಿಶಾಸ್ತ್ರದವಳು, ಹೊಲ ಅರ್ಧ, ಕಂಪ್ಯೂಟರ್ ಅರ್ಧ. ಎಲ್ಲರೂ ಕಂಪ್ಯೂಟರ್ ಜೀವಿಯಿಂದ ಏನು ಕದ್ದಿತು ಅಂತಲೇ ಮಾತಾಡುತ್ತೀರಿ. ನಾವು ಕಂಪ್ಯೂಟರ್‌ನವರಿಂದ ಎಷ್ಟು ಸಾಲ ತಂದಿದ್ದೇವೆ ಗೊತ್ತಾ?

ನಿಮ್ಮ ಚೂಡಾಕ್ಕೆ ಹಾಕುವ ಮೆಣಸಿನಕಾಯಿಯನ್ನೇ ತಗೊಳ್ಳಿ. ಬ್ಯಾಡಗಿ ಆಗಲಿ, ಗುಂಟೂರು ಆಗಲಿ, ಆ ಜಾತಿಯ ಜೀನೋಮ್, ಅಂದರೆ ಜೀವಕೋಶದೊಳಗಿನ ಪೂರ್ತಿ ಡಿಎನ್‌ಎ ಬರಹ, ಸುಮಾರು 350 ಕೋಟಿ ಅಕ್ಷರ. ಮನುಷ್ಯನದ್ದು 300 ಕೋಟಿ ಚಿಲ್ಲರೆ. ಹೌದು, ಮೆಣಸಿನಕಾಯಿದೇ ದೊಡ್ಡದು, ಅಹಂಕಾರ ಬೇಡ. ಮೆಷಿನ್ ಅದನ್ನು ಉದ್ದಕ್ಕೆ ಓದಿಕೊಡುವುದಿಲ್ಲ. ನಮ್ಮ ಲ್ಯಾಬಿಗೆ ಬರುವ ಸಾಮಾನ್ಯ ಡೇಟಾ 150 ಅಕ್ಷರದ ಚೂರುಗಳು, ಕೋಟಿಗಟ್ಟಲೆ. ಅವನ್ನು ಜೋಡಿಸಿ ಮೂಲ ಸಾಲು ಮಾಡಬೇಕು.

ಇಲ್ಲಿ ನನಗೆ ಯಾವಾಗಲೂ ಅಜ್ಜಿಯ ಕಸೂತಿ ನೆನಪಾಗುತ್ತದೆ. ಗವಂತಿ ಹೊಲಿಗೆ ನೋಡಿದ್ದೀರಲ್ವಾ? ಇಳಕಲ್ ಸೀರೆ ಸೆರಗಿನ ಮೇಲೆ ಗೋಪುರ, ತೇರು. ದಾರಕ್ಕೆ ಗಂಟು ಹಾಕೋ ಹಾಗಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಶುರು ಮಾಡಿದಲ್ಲಿಗೇ ಬಂದು ಮುಗಿಯಬೇಕು. ಸೀರೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಅಜ್ಜಿ ಸೂಜಿ ಹಾಕುವ ಮುಂಚೆ ಬೆರಳಿನಿಂದ ಒಂದು ಸಲ ಸುತ್ತು ಬರುತ್ತಿದ್ದಳು, ಎಲ್ಲಿ ಕವಲು ಒಡೆಯಬೇಕು, ಯಾವ ಕವಲನ್ನು ಮೊದಲು ಮುಗಿಸಿ ಬರಬೇಕು ಅಂತ. ತಪ್ಪಿದರೆ ಬಿಚ್ಚುವುದೇ.

ಅದು ಗಣಿತಜ್ಞ ಆಯ್ಲರ್ ಕೇಳಿದ ಪ್ರಶ್ನೆ. 1736ರಲ್ಲಿ ಅವರು ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಬಗ್ಗೆ ಕೇಳಿಕೊಂಡದ್ದು, ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಬರೋಕೆ ಆಗುತ್ತಾ? ಆಗಲ್ಲ ಅಂತ ತೋರಿಸಿದರು. ಸುತ್ತು ಮುಗಿಸಿ ಹೊರಟಲ್ಲಿಗೇ ಬರಬೇಕಾದರೆ ಪ್ರತಿ ಕೂಡುವ ಜಾಗದಲ್ಲೂ ಗೆರೆಗಳು ಸಮಸಂಖ್ಯೆ ಇರಬೇಕು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ಹೋಗುತ್ತದೆ, ಹಾಗಾಗಿ ಯಾವ ಚಿತ್ತಾರವಾದರೂ ಸಮಸಂಖ್ಯೆಯೇ. ಅಜ್ಜಿ ಆಯ್ಲರ್ ಹೆಸರು ಕೇಳಿರಲಿಲ್ಲ, ಅವಳ ದಾರ ಒಂದು ಸಲವೂ ಸಿಕ್ಕಿಬೀಳಲಿಲ್ಲ.

ಈಗ ಟೆಂಪೋಗೆ ಬನ್ನಿ. ನಿಮ್ಮದು ಅಂಗಡಿ ಮುಟ್ಟುವ ಪ್ರಶ್ನೆ, ಅಜ್ಜಿಯದು ಗೆರೆ ಮುಟ್ಟುವ ಪ್ರಶ್ನೆ. ನೋಡೋಕೆ ಅಕ್ಕ ತಂಗಿ, ಆದರೆ ಗೆರೆಯದ್ದು ಕಂಪ್ಯೂಟರಿಗೆ ಸುಲಭ, ಅಂಗಡಿಯದ್ದು ಮಹಾ ಕಷ್ಟ. ಜೀನೋಮ್ ಜೋಡಿಸುವವರು ಮೊದಮೊದಲು ಪ್ರತಿ ಚೂರನ್ನೂ ಒಂದೊಂದು ಅಂಗಡಿ ಅಂತ ತಿಳಿದು ಒದ್ದಾಡಿದರು. 2001ರಲ್ಲಿ ಪೆವ್ಜ್ನರ್, ಟ್ಯಾಂಗ್, ವಾಟರ್‌ಮನ್ ಮೂವರು, ಚೂರನ್ನು ಇನ್ನೂ ಸಣ್ಣಗೆ ಹೆಚ್ಚಿ, ಪ್ರತಿ ತುಂಡನ್ನೂ ಒಂದು ಗೆರೆ ಅಂತ ಇಡೋಣ ಅಂದರು. ಅಂಗಡಿ ಪ್ರಶ್ನೆ ಕಸೂತಿ ಪ್ರಶ್ನೆ ಆಯಿತು. ಇರುವೆ, ತೋಳ ಯಾರೂ ಬರಲಿಲ್ಲ ಸ್ವಾಮಿಗಳೇ, ಬರೀ ಪ್ರಶ್ನೆಯನ್ನು ಮಗ್ಗುಲು ಬದಲಿಸಿ ಮಲಗಿಸಿದರು.

ಆದರೂ ಮೆಣಸಿನಕಾಯಿ ಸುಮ್ನೆ ಬಿಡಲ್ಲ. ಅದರ ಜೀನೋಮ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅದೇ ಮಾತು ಮತ್ತೆ ಮತ್ತೆ ಬರುತ್ತದೆ. ಕಸೂತಿಯಲ್ಲಿ ಒಂದೇ ಗೋಪುರ ಸಾವಿರ ಸಲ ಇದ್ದರೆ ಯಾವ ಗೋಪುರದಿಂದ ಯಾವ ಗೋಪುರಕ್ಕೆ ದಾರ ಹೋಯಿತು ಅಂತ ಹೇಗೆ ಹೇಳುತ್ತೀರಿ? ಸುತ್ತು ಸಿಗುತ್ತದೆ, ಆದರೆ ಒಂದಲ್ಲ, ಲೆಕ್ಕವಿಲ್ಲದಷ್ಟು. ಅದಕ್ಕೇ ಈಗ ಸಾವಿರಾರು ಅಕ್ಷರ ಒಟ್ಟಿಗೆ ಓದುವ ಮೆಷಿನ್‌ಗೆ ದುಡ್ಡು ಸುರಿಯೋದು. ಇಲ್ಲಿ ಅಲ್ಗಾರಿದಮ್‌ಗೆ ಜೀವಿಯೇ ಅಡ್ಡ ನಿಂತು, ನಿನ್ನ ಜಾಣತನ ಇಷ್ಟೇ, ಇನ್ನಷ್ಟು ಉದ್ದ ಓದಿಕೊಂಡು ಬಾ ಅನ್ನುತ್ತದೆ.

ಇನ್ನೊಂದು ಸಾಲವನ್ನೂ ಹೇಳಿಬಿಡುತ್ತೇನೆ. 1994ರಲ್ಲಿ ಬರೋಸ್ ಮತ್ತು ವೀಲರ್ ಫೈಲ್ ಚಿಕ್ಕದು ಮಾಡೋಕೆ ಅಕ್ಷರ ಜೋಡಿಸುವ ಒಂದು ಉಪಾಯ ಬರೆದರು. ಹದಿನೈದು ವರ್ಷ ಆದ ಮೇಲೆ ಅದೇ ಉಪಾಯದಿಂದ ಡಿಎನ್‌ಎ ಚೂರು ಜೀನೋಮ್‌ನಲ್ಲಿ ಎಲ್ಲಿ ಕೂರುತ್ತದೆ ಅಂತ ಹುಡುಕುವ ಸಾಫ್ಟ್‌ವೇರ್‌ಗಳು ಬಂದವು. ಜಿಪ್ ಮಾಡುವ ಕೆಲಸಕ್ಕೆ ಹುಟ್ಟಿದ್ದು ಈಗ ನಮ್ಮ ಲ್ಯಾಬಿನಲ್ಲಿ ದಿನಾ ದುಡಿಯುತ್ತದೆ.

ಗದಗಿನ_ಮೇಷ್ಟ್ರು:

ಕಸೂತಿ ಮಾತು ಭಾಳ ಚಲೋ ಆಯ್ತು ಮೇಡಂ. ನಾನು ಜೀವಶಾಸ್ತ್ರ ಕಲಿಸಿ ನಿವೃತ್ತ ಆದವನು, ಕೋಡ್ ಬರುವುದಿಲ್ಲ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುವುದೊಂದೇ ಚಟ. ಸಾವಿರಾರು ಹಕ್ಕಿ ಒಟ್ಟಿಗೆ ಏಳುತ್ತವೆ, ಒಂದಕ್ಕೊಂದು ಬಡಿಯುವುದಿಲ್ಲ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಕಂಪ್ಯೂಟರ್ ಹಕ್ಕಿಗಳಿಗೆ ಮೂರೇ ನಿಯಮ ಕೊಟ್ಟು ಹಿಂಡು ಹಾರಿಸಿದರು, ಪಕ್ಕದವನಿಗೆ ತಾಗಬೇಡ, ಅವನು ಹೋಗುವ ಕಡೆ ಹೋಗು, ಗುಂಪು ಬಿಡಬೇಡ. ನಾಯಕ ಅಂತ ಯಾರೂ ಇಲ್ಲ. ಅದನ್ನು ತಿಳಿದ ಮೇಲೆ ಕೆರೆ ದಂಡೆಯಲ್ಲಿ ನನ್ನ ಕಣ್ಣು ಹಿಂಡನ್ನು ಬಿಟ್ಟು ಒಂದೊಂದೇ ಹಕ್ಕಿಯ ನೆರೆಹೊರೆ ಹುಡುಕಲು ಶುರು ಮಾಡಿತು.

ಸಂಶಯ ಸ್ವಾಮಿಗೆ ಎರಡು ಉದಾಹರಣೆ ಕೊಡುತ್ತೇನೆ, ಹೆಸರಿನ ಮುಖವಾಡ ಇಲ್ಲದವು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಡು ಸಂಸ್ಥೆಗಳ ನಡುವೆ, ಬರೀ 400 ಗಜ ದೂರ, ಇಂಟರ್‌ನೆಟ್ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಒಟ್ಟಿಗೆ ನುಗ್ಗಿ ಎಲ್ಲರೂ ಸಿಕ್ಕಿಕೊಂಡರು, ನಮ್ಮ ಜಾತ್ರೆ ತೇರಿನ ಬೀದಿ ಇದ್ದ ಹಾಗೆ. ವ್ಯಾನ್ ಜೇಕಬ್ಸನ್ 1988ರಲ್ಲಿ ಇದಕ್ಕೆ ಪರಿಹಾರ ಬರೆದರು. ಕಳಿಸಿದ್ದು ಮುಟ್ಟಿತು ಅಂತ ಉತ್ತರ ಎಷ್ಟು ಬೇಗ ಬರುತ್ತದೋ ಅಷ್ಟು ಬೇಗ ಮುಂದಿನದು ಕಳಿಸು, ಉತ್ತರ ತಡವಾದರೆ ಕೈ ಬಿಗಿಹಿಡಿ.

2012ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇರುವೆ ತಜ್ಞೆ ಡೆಬೊರಾ ಗಾರ್ಡನ್ ಮತ್ತು ಕಂಪ್ಯೂಟರ್ ವಿಜ್ಞಾನಿ ಬಾಲಾಜಿ ಪ್ರಭಾಕರ್ ಮರುಭೂಮಿಯ ಬೀಜ ಆಯುವ ಇರುವೆಗಳ ಲೆಕ್ಕ ಹಾಕಿದರು. ಗೂಡಿನ ಬಾಯಲ್ಲಿ ಕಾದಿರುವ ಇರುವೆ ಯಾವಾಗ ಹೊರಡುತ್ತದೆ? ಬೀಜ ಹೊತ್ತು ಬಂದವು ಎಷ್ಟು ಬೇಗ ಬೇಗ ಒಳಗೆ ಬರುತ್ತವೆ ಅನ್ನುವುದರ ಮೇಲೆ. ಬೇಗ ಬಂದರೆ ಹೊರಗೆ ಬೀಜ ಹತ್ತಿರದಲ್ಲೇ ಇದೆ, ಹೊರಡು. ತಡವಾದರೆ ಕೂಡು, ಬಿಸಿಲಿಗೆ ಹೋಗಿ ಮೈಯ ನೀರು ಕಳೆದುಕೊಳ್ಳಬೇಡ. ಜೇಕಬ್ಸನ್ ಇರುವೆ ನೋಡಿ ಬರೆದಿರಲಿಲ್ಲ. ಯಾರೂ ಯಾರನ್ನೂ ಕಾಪಿ ಹೊಡೆದಿಲ್ಲ, ಕಷ್ಟ ಒಂದೇ ಥರದ್ದು, ಇಬ್ಬರೂ ಅದೇ ಮದ್ದು ಅರೆದರು.

ಎರಡನೇದು ಹಣ್ಣುನೊಣ. ಅದರ ಮೈಮೇಲೆ ಸಣ್ಣ ಸಣ್ಣ ಕೂದಲು ಅಚ್ಚುಕಟ್ಟಾಗಿ ದೂರ ದೂರ ಇರುತ್ತವೆ. ಮರಿಯಾಗಿದ್ದಾಗ ಒಂದು ಗುಂಪಿನ ಜೀವಕೋಶಗಳಲ್ಲಿ ಯಾವುದಾದರೂ ಒಂದು "ಕೂದಲು ನಾನು" ಅನ್ನುತ್ತದೆ, ಅನ್ನುತ್ತಲೇ ಪಕ್ಕದವುಗಳ ಬಾಯಿ ಮುಚ್ಚಿಸುತ್ತದೆ. ತರಗತಿಯಲ್ಲಿ ಮಾನಿಟರ್ ಆಗುವ ಹುಡುಗನ ಹಾಗೆ. ಕಂಪ್ಯೂಟರ್ ಜಾಲದಲ್ಲೂ ಇದೇ ಬೇಕು, ಅಲ್ಲಲ್ಲಿ ಒಬ್ಬೊಬ್ಬ ಮುಖಂಡ, ಇಬ್ಬರು ಮುಖಂಡರು ಅಕ್ಕಪಕ್ಕ ಇರಬಾರದು. 1980ರ ದಶಕದ ವಿಧಾನಗಳಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನ ನೆರೆಯವರು ಎಷ್ಟು ಮಂದಿ ಅಂತ ಗೊತ್ತಿರಬೇಕಿತ್ತು. ನೊಣದ ಜೀವಕೋಶಕ್ಕೆ ಅದು ಗೊತ್ತಿಲ್ಲ, ಆದರೂ ಕೆಲಸ ಆಗುತ್ತದೆ. 2011ರಲ್ಲಿ ಅಫೆಕ್, ಬಾರ್-ಜೋಸೆಫ್ ಮತ್ತಿತರರು ನೊಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೆರೆಯವರ ಲೆಕ್ಕ ಬೇಡದ ಹೊಸ ವಿಧಾನ ಬರೆದರು. ಇದರಲ್ಲಿ ನೊಣ ಇದೆ ಸ್ವಾಮೀ, ಹೆಸರಿನಲ್ಲಿ ಇಲ್ಲ ಅಷ್ಟೇ.

ಸಂಶಯ_ಸ್ವಾಮಿ (ಹಾವೇರಿ):

ನೊಣದ್ದು ಒಪ್ಪಿದೆ. ಹಕ್ಕಿದು ಕಾರ್ಟೂನ್ ಸಿನಿಮಾಗೆ ಸರಿ, ಮಾಗಡಿ ಹೆಬ್ಬಾತು ಅದೇ ಮೂರು ನಿಯಮ ಪಾಲಿಸುತ್ತದೆ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

ಗದಗಿನ_ಮೇಷ್ಟ್ರು:

ಖರೆ. ಹಾಗಂತ ನಾನು ಹೇಳಲೂ ಇಲ್ಲ. ಎಲ್ಲಿ ನೋಡಬೇಕು ಅಂತ ಹೇಳಿಕೊಟ್ಟಿತು, ಅಷ್ಟು ಸಾಕು ನನಗೆ. ಡಿಸೆಂಬರಿನಲ್ಲಿ ಬನ್ನಿ, ದಂಡೆ ಮೇಲೆ ಕೂತು ಜಗಳ ಮಾಡೋಣ.

ಚೂಡಾ_ಸಪ್ಲೈ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬಿಟ್ಟು ಬರುತ್ತಿದ್ದೇನೆ, ಎರಡು ಸುದ್ದಿ ಇದೆ.

ಒಂದು, ಕೋಡರ್ ಅಣ್ಣ ಹೇಳಿದ ಉದ್ದ ಗಿಡ್ಡ ದಾರಿ ಆಟ ನಾನೇ ಮಾಡಿ ನೋಡಿದೆ. ಮಿಠಾಯಿ ಡಬ್ಬಿಯ ರಟ್ಟು ಕತ್ತರಿಸಿ, ಗೋಡೆಯಿಂದ ಒಂದು ತಟ್ಟೆಗೆ ಸೇತುವೆ. ತಟ್ಟೆ ಸುತ್ತ ನೀರು, ನಡುವೆ ಧಾರವಾಡ ಪೇಡೆಯ ಪುಡಿ. ಮೊದಲು ಸುತ್ತು ಬಳಸಿ ಹೋಗುವ ರಟ್ಟು ಒಂದೇ ಇಟ್ಟೆ. ಮುಕ್ಕಾಲು ಗಂಟೆಗೆ ಸಾಲು ಕಟ್ಟಿತು, ಪುಡಿ ಹೊತ್ತು ಬರುವವು ಹೋಗುವವುಗಳ ಮುಖಕ್ಕೆ ಮುಖ ತಾಗಿಸಿ ಮುಂದೆ ಹೋಗುತ್ತಿದ್ದವು. ಆಮೇಲೆ ನೇರ ರಟ್ಟು ಇಟ್ಟೆ, ಗೇಣುದ್ದ ಕೂಡ ಇಲ್ಲ. ಒಂದೊಂದು ಅದರ ಮೇಲೆ ಹತ್ತಿ, ಮೀಸೆ ಆಡಿಸಿ, ಅರ್ಧಕ್ಕೆ ತಿರುಗಿ ಬಂದು ಮತ್ತೆ ಉದ್ದದ ಸಾಲಿಗೇ ಸೇರಿಕೊಂಡಿತು. ಕರೆಂಟ್ ಹೋಗಿ ಬರುವ ತನಕ ನೋಡುತ್ತಾ ಕೂತೆ, ಹೆಚ್ಚಿನವು ಉದ್ದದ ದಾರಿಯಲ್ಲೇ. ಕೊನೆಗೆ ಅಮ್ಮನ ಒದ್ದೆ ಬಟ್ಟೆಯಿಂದ ಉದ್ದದ ರಟ್ಟು ಒರೆಸಿದೆ. ಗಲಿಬಿಲಿ ಆಯಿತು, ಆಮೇಲೆ ನೇರ ರಟ್ಟಿನ ಮೇಲೆ ಸಾಲು. ಅಂದರೆ ಮೊನ್ನೆ ಗೋಡೆಯಲ್ಲಿ ಹೊಸ ದಾರಿ ಸಿಕ್ಕಿದ್ದು ಇರುವೆಯ ಜಾಣತನದಿಂದ ಅಲ್ಲ, ಅಮ್ಮ ಒರೆಸಿದ್ದರಿಂದ!

ಎರಡು, ಫೈಲಿನಲ್ಲಿದ್ದ ಹಳೇ ಟೇಬಲ್ ಅಳಿಸಿ, ಆರುವ ಪ್ರಮಾಣ 0.1 ಮಾಡಿ ಓಡಿಸಿದೆ. ಸುತ್ತು ಪೂರ್ತಿ ಬದಲಾಯಿತು, ಮೊದಲು ಉಣಕಲ್ ಕಡೆ ಮುಗಿಸಿ ಆಮೇಲೆ ಕೇಶ್ವಾಪುರಕ್ಕೆ ಇಳಿಯುತ್ತದೆ. ಗೆರೆ ಬಿಚ್ಚುವ ಉಪಾಯವನ್ನೂ ಬರೆದೆ, ನಿಜ ಹೇಳಬೇಕಂದರೆ ಅದು ಎರಡು ಸೆಕೆಂಡಿನಲ್ಲಿ ಇರುವೆಗಿಂತ ಸ್ವಲ್ಪ ಚಿಕ್ಕ ಸುತ್ತು ಕೊಟ್ಟಿತು. ಖುಷಿಯಿಂದ ಪ್ರಿಂಟ್ ತೆಗೆದುಕೊಂಡು ಹೋಗಿ ಡ್ರೈವರ್ ಅಣ್ಣನಿಗೆ ಕೊಟ್ಟೆ. ಅವನು ಮೇಲಿಂದ ಕೆಳಗೆ ನೋಡಿ, "ಹತ್ತು ದಿನದಿಂದ ನಾನು ಹಿಂಗೇ ಹೊಡೀತಾ ಇದ್ದೀನಿ, ಎರಡು ಅಂಗಡಿ ಮಾತ್ರ ಬೇರೆ. ಆ ಎರಡೂ ಹನ್ನೊಂದರ ತನಕ ಬಾಗಿಲು ತೆಗೆಯಲ್ಲ" ಅಂದ.

ಉಣಕಲ್_ಕೋಡರ್:

ಹಹ್ಹಾ. ಸಮಯದ ಕಾಲಂ ಸೇರಿಸಿ. ಅದು ಬೇರೆ ಪ್ರಶ್ನೆ, ಬೇರೆ ತಲೆನೋವು.

ಕಸೂತಿ_ಮೆಣಸಿನಕಾಯಿ (ಧಾರವಾಡ):

ಪ್ರಯೋಗ ಚೆನ್ನಾಗಿದೆ, ಆದರೆ ಒಂದೇ ಸಲ ಮಾಡಿದ್ದನ್ನು ನಂಬಬೇಡಿ, ರಟ್ಟು ಅದಲು ಬದಲು ಮಾಡಿ ಐದಾರು ಸಲ ನೋಡಿ. ಎಲ್ಲಾ ಜಾತಿ ಇರುವೆ ಒಂದೇ ಥರ ಅಲ್ಲ. ಯುರೋಪಿನ ಕಪ್ಪು ತೋಟದ ಇರುವೆ ತಾನು ದಾರಿ ತಪ್ಪುತ್ತಿದ್ದೇನೆ ಅನ್ನಿಸಿದರೆ ನಡುವೆಯೇ ತಿರುಗುತ್ತದೆ, ಹಾಗಾಗಿ ಆಮೇಲೆ ಇಟ್ಟ ಗಿಡ್ಡ ದಾರಿಯನ್ನೂ ಹಿಡಿಯಬಲ್ಲದು. ನಿಮ್ಮದು ಯಾವ ಜಾತಿ?

ಚೂಡಾ_ಸಪ್ಲೈ:

ಜಾತಿ ಗೊತ್ತಿಲ್ಲ ಮೇಡಂ. ಕಪ್ಪು, ಸಣ್ಣದು, ಕಚ್ಚಲ್ಲ, ಸಕ್ಕರೆಗಿಂತ ಪೇಡೆ ಇಷ್ಟ. ಫೋಟೋ ತೆಗೆದು ಹಾಕೋಣ ಅಂತ ಬೆಳಿಗ್ಗೆ ಹೋದರೆ ಅಮ್ಮ ರಟ್ಟು ಎಲ್ಲ ಒಲೆಗೆ ಹಾಕಿ, ಗೋಡೆ ಬಿರುಕಿಗೆ ಅರಿಶಿನ ತುಂಬಿದ್ದಾಳೆ.